ಆಪ್ಟೇನ್ ವೇಗವರ್ಧನೆಯನ್ನು ನಿಲ್ಲಿಸಿದರೆ ಹಾರ್ಡ್ ಡಿಸ್ಕಿನಲ್ಲಿರುವುದು ಹಾಗೇ ಉಳಿಯುತ್ತದೆಯೇ?

ನಿಧಾನಯಂತ್ರ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 8ನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್ ಇರುವ ಒಂದು ಲ್ಯಾಪ್‌ಟಾಪ್ ಇದೆ. ಅದರಲ್ಲಿ 1 ಟಿಬಿಯ ಹಾರ್ಡ್ ಡಿಸ್ಕ್ ಇದ್ದು, ಅದರ ವೇಗ ಹೆಚ್ಚಿಸಲೆಂದು 16 ಜಿಬಿಯ ಇಂಟೆಲ್ ಆಪ್ಟೇನ್ ಮೆಮೊರಿಯನ್ನು ಎಂ.2 ಸ್ಲಾಟ್‌ನಲ್ಲಿ ಕೂರಿಸಿ ಕೊಟ್ಟಿದ್ದರು. ಇರುವುದು ಅದೊಂದೇ ಎಂ.2 ಸ್ಲಾಟ್. ಈಗ ಅಲ್ಲಿಗೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ, ವಿಂಡೋಸನ್ನು ಅದಕ್ಕೆ ಸ್ಥಳಾಂತರಿಸಿ, ಹಾರ್ಡ್ ಡಿಸ್ಕನ್ನು ಬರೀ ಸಂಗ್ರಹಕ್ಕೆ ಇಟ್ಟುಕೊಳ್ಳಬೇಕೆಂದಿದ್ದೇನೆ.

ನನ್ನನ್ನು ತಡೆದು ನಿಲ್ಲಿಸಿರುವುದು ಎರಡು ಎಚ್ಚರಿಕೆಗಳು. ಆಪ್ಟೇನ್ ಆ್ಯಪ್‌ನಲ್ಲಿ ಡಿಸೇಬಲ್ ಗುಂಡಿ ಒತ್ತಿದರೆ ಅದು ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಕೇಳುತ್ತದೆಯೇ ಹೊರತು, ಡೇಟಾ ಉಳಿಯುತ್ತದೆಯೇ ಇಲ್ಲವೇ ಎಂಬುದು ಅದರಿಂದ ನನಗೆ ಸ್ಪಷ್ಟವಾಗಲಿಲ್ಲ. ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ಸ್‌ಗೆ ಹೋಗಿ, ಡಿಸ್ಕುಗಳನ್ನು ನೋಡುವ ರೀತಿಯನ್ನು ನಿರ್ಧರಿಸುವ ಸಾಟಾ ಮೋಡ್ ಬದಲಿಸಲು ಹೊರಟರೆ, ಹಾಗೆ ಮಾಡಿದಲ್ಲಿ ಎಲ್ಲ ಡೇಟಾ ನಷ್ಟವಾಗಬಹುದು ಎಂಬ ಕೆಂಪು ಅಕ್ಷರಗಳ ಸಂದೇಶ ಬಂದಿತು. ನಾನು ಏನನ್ನೂ ಉಳಿಸದೆ ಹೊರಬಂದೆ. ಡಿಸ್ಕಿನಲ್ಲಿ ಸುಮಾರು 300 ಜಿಬಿಯಷ್ಟು ಛಾಯಾಚಿತ್ರಗಳು ಮತ್ತು ಕೆಲಸದ ಕಡತಗಳಿವೆ, ಅವುಗಳಲ್ಲಿ ಹಲವಕ್ಕೆ ಬೇರೆ ಪ್ರತಿಯಿಲ್ಲ.

ಕಂಪ್ಯೂಟರನ್ನು ಆಫ್ ಮಾಡಿ ಆ 16 ಜಿಬಿ ಕಡ್ಡಿಯನ್ನು ಕಿತ್ತು ಹೊಸದನ್ನು ಹಾಕಿದರೆ ಸಾಲದೇ? ಕಡತಗಳೆಲ್ಲ ಹಾರ್ಡ್ ಡಿಸ್ಕಿನಲ್ಲೇ ಇವೆಯಲ್ಲವೇ? ವೇಗಕ್ಕೆಂದು ಇಟ್ಟ ಒಂದು ಪ್ರತಿ ಮಾತ್ರ ಆಪ್ಟೇನ್‌ನಲ್ಲಿದೆ ಎಂದು ನಾನು ತಿಳಿದುಕೊಂಡಿದ್ದೇನೆ. ಈ ತಿಳಿವಳಿಕೆ ಸರಿಯೇ?

ಹಳೇಬೋರ್ಡು ಅವರ ಉತ್ತರ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಆ ತಿಳಿವಳಿಕೆ ಸರಿಯಲ್ಲ. ಕಡ್ಡಿಯನ್ನು ದಯವಿಟ್ಟು ಈಗ ಕೀಳಬೇಡಿ.

ನಿಧಾನದ ಡಿಸ್ಕಿನ ಮುಂದೆ ಇಡುವ ವೇಗದ ಸಣ್ಣ ಸಂಗ್ರಹಕ್ಕೆ ಕ್ಯಾಶ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ರೈಟ್-ಥ್ರೂ ಎಂಬ ಬಗೆಯಲ್ಲಿ, ನೀವು ಉಳಿಸಿದ್ದು ಕ್ಯಾಶ್‌ಗೂ ಹೋಗುತ್ತದೆ, ಡಿಸ್ಕಿಗೂ ಆಗಲೇ ಹೋಗುತ್ತದೆ. ಅಲ್ಲಿ ಕ್ಯಾಶ್ ಕೇವಲ ಪ್ರತಿ, ಕಳೆದುಹೋದರೂ ನಷ್ಟವಿಲ್ಲ. ರೈಟ್-ಬ್ಯಾಕ್ ಎಂಬ ಬಗೆಯಲ್ಲಿ, ಉಳಿಸಿದ್ದು ಮೊದಲು ಕ್ಯಾಶ್‌ಗೆ ಮಾತ್ರ ಹೋಗುತ್ತದೆ, ಡಿಸ್ಕಿಗೆ ಅದು ತಲುಪುವುದು ಬಿಡುವಾದಾಗ. ಹಿಂದಿನವರು ಲೆಕ್ಕ ಇಡುತ್ತಿದ್ದ ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನು ನೆನಪಿಸಿಕೊಳ್ಳಿ. ವ್ಯವಹಾರ ನಡೆದ ಕ್ಷಣದಲ್ಲಿ ಬರೆಯುವುದು ಕಿರ್ದಿಗೆ, ಅಲ್ಲಿಂದ ಖಾತೆಗೆ ಏರಿಸುವುದು ಆಮೇಲೆ. ಏರಿಸುವ ಮೊದಲೇ ಕಿರ್ದಿ ಕಳೆದುಹೋದರೆ ಖಾತೆ ಪುಸ್ತಕ ಕೈಯಲ್ಲಿದ್ದರೂ ಅದರ ಲೆಕ್ಕ ತಪ್ಪು. ಆಪ್ಟೇನ್ ಮೆಮೊರಿ ಕೆಲಸ ಮಾಡುವುದು ಈ ಎರಡನೆಯ ಬಗೆಯಲ್ಲಿ. ಇನ್ನೂ ಡಿಸ್ಕಿಗೆ ಏರದೆ ಕ್ಯಾಶ್‌ನಲ್ಲಷ್ಟೇ ಇರುವ ತುಣುಕುಗಳನ್ನು ಈ ಕ್ಷೇತ್ರದವರು ಡರ್ಟಿ ಬ್ಲಾಕ್ ಎನ್ನುತ್ತಾರೆ. ಅವು ನಿಮ್ಮ ಛಾಯಾಚಿತ್ರಗಳೇ ಆಗಿರಬೇಕೆಂದಿಲ್ಲ; ಯಾವ ಕಡತ ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಹೇಳುವ ಎನ್‌ಟಿಎಫ್‌ಎಸ್‌ನ ಸೂಚಿಯ ತುಣುಕುಗಳೂ ಆಗಿರಬಹುದು, ಮತ್ತು ಅವು ಹೋದರೆ 300 ಜಿಬಿ ಡಿಸ್ಕಿನಲ್ಲೇ ಇದ್ದರೂ ಅದಕ್ಕೆ ದಾರಿ ಇರುವುದಿಲ್ಲ. ಹದಿನಾರು ಜಿಬಿ ಚಿಕ್ಕದು, ಹೋದರೆ ಅಷ್ಟೇ ಹೋಗುತ್ತದೆ ಎಂದು ಯಾರೂ ಧೈರ್ಯಪಡಬಾರದು ಎನ್ನುವುದು ಇದೇ ಕಾರಣಕ್ಕೆ.

2011ರಲ್ಲಿ ಝಡ್68 ಚಿಪ್‌ಸೆಟ್‌ನೊಂದಿಗೆ ಬಂದ ಸ್ಮಾರ್ಟ್ ರೆಸ್ಪಾನ್ಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಎರಡೂ ಬಗೆಗಳಿದ್ದವು: ಎನ್‌ಹಾನ್ಸ್ಡ್ ಎಂದರೆ ರೈಟ್-ಥ್ರೂ, ಮ್ಯಾಕ್ಸಿಮೈಸ್ಡ್ ಎಂದರೆ ರೈಟ್-ಬ್ಯಾಕ್. ಆಗ ಎನ್‌ಹಾನ್ಸ್ಡ್ ಬಳಸಿದ್ದವರು ಎಸ್‌ಎಸ್‌ಡಿ ಕಿತ್ತರೂ ಏನೂ ಆಗಲಿಲ್ಲ ಎಂದು ಬರೆದಿರುವುದನ್ನು ಓದಿ 2017ರ ನಂತರದ ಆಪ್ಟೇನ್‌ಗೂ ಅದೇ ಅನ್ವಯಿಸುತ್ತದೆ ಎಂದು ನಂಬುವವರು ಇದ್ದಾರೆ. ಅನ್ವಯಿಸುವುದಿಲ್ಲ.

ಈಗ ನಿಮ್ಮ ಎರಡು ಎಚ್ಚರಿಕೆಗಳ ವಿಷಯ. ಆ್ಯಪ್‌ನಲ್ಲಿರುವ ಡಿಸೇಬಲ್ ಗುಂಡಿ ಮಾಡುವುದು ಸರಿಯಾಗಿ ನಮಗೆ ಬೇಕಾದ ಕೆಲಸವನ್ನೇ, ಅಂದರೆ ಡರ್ಟಿ ಬ್ಲಾಕುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ, ಆನಂತರ ಇವೆರಡರ ಜೋಡಿಯನ್ನು ಬಿಡಿಸುತ್ತದೆ. ಅದರಿಂದ ಡೇಟಾ ಹೋಗುವುದಿಲ್ಲ. ಬಯಾಸ್‌ನಲ್ಲಿ ಸಾಟಾ ಮೋಡ್ ಬದಲಿಸುವುದಾದರೋ ಏನನ್ನೂ ಇಳಿಸುವುದಿಲ್ಲ. ಅದು ಡಿಸ್ಕುಗಳನ್ನು ನೋಡುವ ರೀತಿಯನ್ನಷ್ಟೇ ಬದಲಿಸುತ್ತದೆ. ಜೋಡಿ ಇರುವಾಗಲೇ ಅದನ್ನು ಬದಲಿಸಿದರೆ ಡಿಸ್ಕು ಬೇರೆ, ಆಪ್ಟೇನ್ ಬೇರೆ ಎಂದು ಕಾಣಿಸಿಕೊಂಡು, ವಿಂಡೋಸ್ ಅರೆಬರೆ ಖಾತೆ ಪುಸ್ತಕವನ್ನು ಓದಲು ಹೋಗುತ್ತದೆ. ಹೀಗಾಗಿ ನೀವು ಏನನ್ನೂ ಉಳಿಸದೆ ಹೊರಬಂದದ್ದು ಒಳ್ಳೆಯದಾಯಿತು. ಎರಡೂ ಕೆಲಸಗಳು ಬೇಕಾದವೇ, ಆದರೆ ಡಿಸೇಬಲ್ ಮೊದಲು, ಬಯಾಸ್ ಆಮೇಲೆ, ಸ್ಕ್ರೂಡ್ರೈವರ್ ಎಲ್ಲಕ್ಕಿಂತ ಕೊನೆಗೆ.

ಇದಕ್ಕೂ ಮುಂಚೆ ಬ್ಯಾಕಪ್. ಹೇಳಿ ಹೇಳಿ ಸವೆದ ಮಾತು ಇದು ಎಂದು ಗೊತ್ತು, ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಕಪ್ಪನ್ನು ಈಗ ಓಡುತ್ತಿರುವ ವಿಂಡೋಸ್ ಒಳಗಿನಿಂದಲೇ ತೆಗೆಯಿರಿ. ವಿಂಡೋಸ್‌ನಲ್ಲಿರುವ ಇಂಟೆಲ್‌ನ ಡ್ರೈವರ್ ಕ್ಯಾಶನ್ನೂ ಡಿಸ್ಕನ್ನೂ ಕೂಡಿಸಿ ಒಂದೇ ಸಂಪುಟವಾಗಿ ತೋರಿಸುತ್ತದೆ, ಆದ್ದರಿಂದ ಅಲ್ಲಿಂದ ನಕಲಿಸಿದ್ದು ಪೂರ್ಣವಾಗಿರುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಆಗುವ ನಕಲು ತಂತ್ರಾಂಶಗಳಲ್ಲಿ ಆ ಡ್ರೈವರ್ ಇಲ್ಲದೇ ಹೋದರೆ ಅವು ಹಾರ್ಡ್ ಡಿಸ್ಕನ್ನು ಮಾತ್ರ ನೋಡಿ, ಹಳತಾದ ತುಣುಕುಗಳನ್ನೇ ನಂಬಿಕೆಯಿಂದ ನಕಲಿಸಿ, ಕೊನೆಯಲ್ಲಿ ಯಶಸ್ವಿ ಎಂದು ಬೇರೆ ಹೇಳುತ್ತವೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನಕಲಿಸುವುದೂ ಇದೇ ಕಾರಣಕ್ಕೆ ತಪ್ಪು.

ಬ್ಯಾಕಪ್ ಆದ ಮೇಲೆ ಆ್ಯಪ್ ತೆರೆಯಿರಿ. ಹೊಸ ಡ್ರೈವರ್ ಇದ್ದರೆ ಅದು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬರುವ ಇಂಟೆಲ್ ಆಪ್ಟೇನ್ ಮೆಮೊರಿ ಅಂಡ್ ಸ್ಟೋರೇಜ್ ಮ್ಯಾನೇಜ್‌ಮೆಂಟ್. ಹಳೆಯದಾದರೆ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಅಥವಾ ಬರೀ ಆಪ್ಟೇನ್ ಮೆಮೊರಿ ಎಂಬ ಆ್ಯಪ್. ಮೂರರಲ್ಲೂ ಆಪ್ಟೇನ್‌ಗೆಂದೇ ಇರುವ ಪುಟದಲ್ಲಿ ಡಿಸೇಬಲ್ ಇರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಜೋಡಿಸಿರಲಿ, ಬೇರೆಲ್ಲ ಪ್ರೋಗ್ರಾಮುಗಳನ್ನು ಮುಚ್ಚಿ, ನಿದ್ರಾಸ್ಥಿತಿಗೆ ಹೋಗದಂತೆ ಮಾಡಿಟ್ಟು ಒತ್ತಿರಿ. ಕೆಲವು ನಿಮಿಷಗಳಾಗುತ್ತವೆ, ಡಿಸ್ಕ್ ಗುರುಗುಟ್ಟುವುದು ಕೇಳಿಸುತ್ತದೆ, ನಂತರ ರೀಸ್ಟಾರ್ಟ್ ಕೇಳುತ್ತದೆ. ರೀಸ್ಟಾರ್ಟ್ ಆದ ಮೇಲೆ ಅದೇ ಪುಟಕ್ಕೆ ಮರಳಿ ಹೋಗಿ, ಈಗ ಅಲ್ಲಿ ಡಿಸೇಬಲ್ ಬದಲು ಎನೇಬಲ್ ಎಂದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಬಿಟ್ಟುಬೈಟು ಅವರ ಉತ್ತರ

ಹಳೇಬೋರ್ಡು ಅವರು ಹೇಳಿದ್ದರಲ್ಲಿ ತಿದ್ದುವಂಥದ್ದಿಲ್ಲ, ಸೇರಿಸುವಂಥದ್ದಿದೆ.

ಮೊದಲನೆಯದಾಗಿ, ಬಯಾಸ್‌ನಲ್ಲಿ ಸಾಟಾ ಮೋಡನ್ನು ಎಎಚ್‌ಸಿಐಗೆ, ಅಂದರೆ ಡಿಸ್ಕುಗಳನ್ನು ಬೇರೆ ಬೇರೆಯಾಗಿಯೇ ನೋಡುವ ಸಾಮಾನ್ಯ ಮೋಡ್‌ಗೆ, ಬದಲಾಯಿಸುವುದು ಎಲ್ಲರಿಗೂ ಅಗತ್ಯ ಎಂಬಂತೆ ಹಲವರು ಬರೆಯುತ್ತಾರೆ. ಆಪ್ಟೇನ್ ಜೋಡಿಯನ್ನು ಬಿಡಿಸಿದ ಮೇಲೆ, ಅದಕ್ಕೆಂದು ಈಗ ಇರುವ ರೇಡ್ ಮೋಡ್‌ನಲ್ಲೇ ಬಿಟ್ಟರೂ ವಿಂಡೋಸ್ ನಡೆಯುತ್ತದೆ, ಹೊಸ ಎನ್‌ವಿಎಂಇಯೂ ಇಂಟೆಲ್ ಡ್ರೈವರ್ ಮೂಲಕ ಕಾಣುತ್ತದೆ. ಲಿನಕ್ಸ್ ಹಾಕಬೇಕೆಂದಿರುವವರಿಗೆ ಮಾತ್ರ ಬದಲಾವಣೆ ಅನಿವಾರ್ಯ ಎನ್ನಬಹುದು; ಉಬುಂಟುವಿನ ಇನ್‌ಸ್ಟಾಲರ್ ಈ ಮೋಡ್ ಕಂಡರೆ ಅದನ್ನು ಆಫ್ ಮಾಡಿ ಬನ್ನಿ ಎಂದು ಅಲ್ಲೇ ನಿಲ್ಲಿಸಿಬಿಡುತ್ತದೆ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಬದಲಿಸುತ್ತಿದ್ದೆ, ಮುಂದೊಮ್ಮೆ ಡಿಸ್ಕನ್ನು ಬೇರೆಡೆ ಜೋಡಿಸುವಾಗಲೋ ವಿಂಡೋಸನ್ನು ಹೊಸದಾಗಿ ಹಾಕುವಾಗಲೋ ಡ್ರೈವರ್ ಹುಡುಕುವ ತಾಪತ್ರಯ ಇರುವುದಿಲ್ಲ ಎಂಬ ಕಾರಣಕ್ಕೆ.

ಬದಲಿಸುವುದಾದರೆ ನೇರವಾಗಿ ಬದಲಿಸಬೇಡಿ. ತನಗೆ ಬೂಟ್ ಆಗಲು ಬೇಡವಾದ ಡಿಸ್ಕ್ ಡ್ರೈವರುಗಳನ್ನು ವಿಂಡೋಸ್ ಆರಂಭದಲ್ಲಿ ತುಂಬಿಕೊಳ್ಳುವುದಿಲ್ಲ, ಹಾಗಾಗಿ ಏಕಾಏಕಿ ಎಎಚ್‌ಸಿಐ ಎದುರಾದರೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬರುತ್ತದೆ. ಅದು ನೋಡಲು ಭಯ ಹುಟ್ಟಿಸಿದರೂ ಡೇಟಾ ಹೋಗಿರುವುದಿಲ್ಲ. ಬಯಾಸ್‌ನಲ್ಲಿ ಮೊದಲಿನ ಮೋಡ್‌ಗೆ ಮರಳಿದರೆ ಕಂಪ್ಯೂಟರ್ ಎಂದಿನಂತೆ ಏಳುತ್ತದೆ. ಇದನ್ನು ತಪ್ಪಿಸುವ ದಾರಿ ಸೇಫ್ ಮೋಡ್. ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪುಟದಲ್ಲಿ ಸೇಫ್ ಬೂಟ್, ಅದರಡಿ ಮಿನಿಮಲ್ ಆಯ್ದು, ರೀಸ್ಟಾರ್ಟ್ ಮಾಡುತ್ತಲೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ ಉಳಿಸಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ಹೊಸ ಡ್ರೈವರನ್ನು ಗುರುತಿಸಿಕೊಳ್ಳುತ್ತದೆ. ಒಳಹೋದ ಮೇಲೆ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್‌ನ ಗುರುತು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

ಇಲ್ಲೊಂದು ಹಳ್ಳವಿದೆ, ನಾನು ಅದರಲ್ಲಿ ಬಿದ್ದವನು. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಹೋಗಬಹುದು, ಆಗ ಖಾತೆಯ ಪೂರ್ಣ ಪಾಸ್‌ವರ್ಡ್ ಕೇಳುತ್ತದೆ. ವರ್ಷಗಟ್ಟಲೆ ನಾಲ್ಕಂಕಿಯ ಪಿನ್ ಒತ್ತಿ ರೂಢಿಯಾದವರಿಗೆ ಆ ಪಾಸ್‌ವರ್ಡ್ ಯಾವ ಕಾಲದ್ದೋ ಎನ್ನಿಸುತ್ತದೆ. ಸೇಫ್ ಬೂಟ್‌ನ ಗುರುತು ತೆಗೆಯಲು ಒಳಗೆ ಹೋಗಲೇಬೇಕು, ಒಳಗೆ ಹೋಗಲು ಪಾಸ್‌ವರ್ಡ್ ಬೇಕೇಬೇಕು. ನಾನು ಒಂದು ಸಂಜೆಯಿಡೀ ಈ ಸುತ್ತಿನಲ್ಲೇ ಕಳೆದೆ. ಆದ್ದರಿಂದ ಮೊದಲೇ ಒಮ್ಮೆ ಪಾಸ್‌ವರ್ಡಿನಿಂದ ಲಾಗಿನ್ ಆಗಿ ಪರೀಕ್ಷಿಸಿಕೊಳ್ಳಿ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿಡುವ ವಿಂಡೋಸ್‌ನ ವ್ಯವಸ್ಥೆ. ಹೋಮ್ ಆವೃತ್ತಿಯಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿನಲ್ಲಿ ಅದು ನಿಮಗೆ ತಿಳಿಯದಂತೆಯೇ ಆನ್ ಆಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬಯಾಸ್ ಮುಟ್ಟುವ ಮೊದಲು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ. ಕೀಲಿಯನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಉಳಿಸಿಟ್ಟ ಮಹನೀಯರನ್ನೂ ನೋಡಿದ್ದೇನೆ.

ನಿಧಾನಯಂತ್ರ

ಇಬ್ಬರಿಗೂ ಕೃತಜ್ಞತೆಗಳು. ವಿಂಡೋಸ್ ಒಳಗಿನಿಂದಲೇ ಹೊರಗಿನ ಡಿಸ್ಕೊಂದಕ್ಕೆ ಎಲ್ಲ ಕಡತಗಳನ್ನು ನಕಲಿಸಿದೆ. ಎರಡು ಫೋಲ್ಡರುಗಳಲ್ಲಿ ಐದಾರು ವಿಡಿಯೋಗಳು ಮಾತ್ರ ಓದಲಾಗುತ್ತಿಲ್ಲ ಎಂದು ನಿಂತವು, ಅವುಗಳನ್ನು ಬಿಟ್ಟು ಮುಂದುವರಿದೆ. ಆದರೆ ಡಿಸೇಬಲ್ ಒತ್ತಿದಾಗ ಅರ್ಧ ಗಂಟೆಗೂ ಹೆಚ್ಚು ಕಾಲ ಸುತ್ತುತ್ತಲೇ ಇದ್ದು ಕೊನೆಗೆ ಕಾರ್ಯ ವಿಫಲವಾಯಿತು ಎಂಬ ಸಂದೇಶ ಬಂದಿತು. ಮತ್ತೊಮ್ಮೆ ಪ್ರಯತ್ನಿಸಿದರೂ ಹಾಗೆಯೇ ಆಯಿತು. ಇವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಎಂಬ ಮೂಲದಿಂದ 7ನೇ ಸಂಖ್ಯೆಯ ದೋಷ ಸಾಲುಸಾಲಾಗಿ ದಾಖಲಾಗಿದೆ. ಈಗ ಬಯಾಸ್‌ನಿಂದ ಪ್ರಯತ್ನಿಸಬಹುದೇ?

ಅಕ್ಷರಕೋಶ ಅವರ ಉತ್ತರ

ಬಯಾಸ್‌ಗೆ ಹೋಗುವ ಮೊದಲು ಸ್ವಲ್ಪ ನಿಲ್ಲಿ. 7ನೇ ಸಂಖ್ಯೆಯ ದೋಷದ ಅರ್ಥ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆ ಎಂದು. ನಿಮ್ಮ ತೊಂದರೆ ಆ್ಯಪ್‌ನದ್ದಲ್ಲ, ಆಪ್ಟೇನ್‌ನದ್ದೂ ಅಲ್ಲ. ಇಳಿಸಬೇಕಾದ ಸರಕನ್ನು ಇಳಿಸಲು ಹೋದರೆ ಕೆಳಗೆ ನೆಲವೇ ಗಟ್ಟಿಯಿಲ್ಲ. ಆ ಐದಾರು ವಿಡಿಯೋಗಳು ಓದಲಾಗದೆ ನಿಂತದ್ದೂ ಇದರ ಸೂಚನೆಯೇ. ಕ್ರಿಸ್ಟಲ್ ಡಿಸ್ಕ್ ಇನ್ಫೋದಂತಹ ಉಪಕರಣದಲ್ಲಿ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ, ತೆರೆದು, ಓದಲಾಗದೆ ಅನುಮಾನದಲ್ಲಿರುವ ಜಾಗಗಳನ್ನು ಎಣಿಸುವ ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಸಾಲಿನ ಕಚ್ಚಾ ಅಂಕಿ ಸೊನ್ನೆಯೇ ಅಲ್ಲವೇ ನೋಡಿ. ಅಲ್ಲಿ ಕಾಣುವ ಅಂಕಿಗಳು ಸಾಮಾನ್ಯವಾಗಿ ಹದಿನಾರರ ಮೂಲದಲ್ಲಿರುತ್ತವೆ ಎಂಬುದು ನೆನಪಿರಲಿ. 10 ಎಂದರೆ ಹದಿನಾರು.

ಡಿಸ್ಕ್ ಸಾಯುವ ಹಾದಿಯಲ್ಲಿದ್ದರೆ ಅದರ ಮೇಲೆ ಕೊನೆಯ ಬಾರಿಗೆ ಭಾರ ಹೊರಿಸುವ ಕೆಲಸ ಡೇಟಾ ನಕಲಾಗಿರಬೇಕೇ ಹೊರತು ದುರಸ್ತಿಯಾಗಿರಬಾರದು. ನಿಮ್ಮ ನಕಲು ಬಹುತೇಕ ಆಗಿದೆ ಎಂದಿದ್ದೀರಿ. ನಕಲಿಸಿದ ಛಾಯಾಚಿತ್ರಗಳಲ್ಲಿ ಕೆಲವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಹೆಸರು ಮತ್ತು ಗಾತ್ರ ಸರಿಯಿದ್ದ ಮಾತ್ರಕ್ಕೆ ಚಿತ್ರ ಸರಿಯಿದೆ ಎಂದಲ್ಲ. ಅದಾದ ಮೇಲೆ ವಿಂಡೋಸ್ ಒಳಗಿನಿಂದ ಸಿ ಡ್ರೈವ್‌ಗೆ ಡಿಸ್ಕನ್ನು ಪರೀಕ್ಷಿಸಿ ದುರಸ್ತಿ ಮಾಡುವ ಚೆಕ್‌ಡಿಸ್ಕನ್ನು, ಕೆಟ್ಟ ಜಾಗಗಳನ್ನೂ ಹುಡುಕುವ ಆರ್ ಆಯ್ಕೆಯೊಂದಿಗೆ ನಿಗದಿಪಡಿಸಿ ರೀಸ್ಟಾರ್ಟ್ ಮಾಡಿ. ಬೂಟ್ ಹೊತ್ತಿನಲ್ಲಿ ಅದು ಓಡುವಾಗ ಇಂಟೆಲ್ ಡ್ರೈವರ್ ಆಗಲೇ ತುಂಬಿಕೊಂಡಿರುತ್ತದೆ, ಕ್ಯಾಶ್ ಸೇರಿದ ಪೂರ್ಣ ಚಿತ್ರವನ್ನೇ ಅದು ನೋಡುತ್ತದೆ. ಅದೇ ಕೆಲಸವನ್ನು ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಮಾಡಿದರೆ, ಡ್ರೈವರ್ ಇಲ್ಲದಿರುವಾಗ ಬರೀ ಡಿಸ್ಕಿನ ಹಳೆಯ ಸ್ಥಿತಿಯನ್ನು ದುರಸ್ತಿ ಮಾಡಲು ಹೋಗಿ, ಮರುದಿನ ಕ್ಯಾಶ್ ಅದರ ಮೇಲೆ ತನ್ನದನ್ನು ಬರೆದು, ಇದ್ದದ್ದೂ ಕಲಸಿಹೋಗುತ್ತದೆ. 1 ಟಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿಯಂತೆ ಓದಿದರೂ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಕೆಟ್ಟ ಜಾಗಗಳಲ್ಲಿ ಅದು ತಡವರಿಸುವುದರಿಂದ ರಾತ್ರಿಯಿಡೀ ಬಿಡಬೇಕಾಗಬಹುದು. ಒಂದೇ ಶೇಕಡಾಂಕದಲ್ಲಿ ಗಂಟೆಗಟ್ಟಲೆ ನಿಂತಿತೆಂದು ಪವರ್ ಗುಂಡಿ ಒತ್ತಬೇಡಿ.

ಆನಂತರ ಆ್ಯಪ್‌ನಿಂದಲೇ ಮತ್ತೆ ಡಿಸೇಬಲ್ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಬಯಾಸ್. ಅಲ್ಲಿ ನೀವು ಮುಟ್ಟಬೇಕಾದದ್ದು ಸಾಟಾ ಮೋಡ್ ಅಲ್ಲ, ಅಡ್ವಾನ್ಸ್ಡ್ ಭಾಗದಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಎಂಬ ಪ್ರತ್ಯೇಕ ಪುಟ. ಅದರೊಳಗೆ ಆಪ್ಟೇನ್ ಸಂಪುಟವನ್ನು ಆಯ್ದರೆ ಡೀಕಾನ್‌ಕ್ಯಾಟಿನೇಟ್ ಎಂಬ, ಬಾಯಿಗೆ ಸುಲಭವಾಗಿ ಬಾರದ ಹೆಸರಿನ, ಜೋಡಿಯನ್ನು ಬಿಡಿಸುವ ಆಯ್ಕೆ ಇರುತ್ತದೆ. ಅದರ ಜೊತೆಗೆ ಬಳಕೆದಾರರ ಡೇಟಾ ಉಳಿಸಬೇಕೇ ಎಂಬರ್ಥದ ಪ್ರಶ್ನೆ ಬರುತ್ತದೆ. ಅಲ್ಲಿ ಹೌದು ಎಂದೇ ಇರಬೇಕು. ರೀಸೆಟ್ ಟು ನಾನ್-ರೇಡ್ ಅಥವಾ ಮೆಟಾಡೇಟಾ ಅಳಿಸು ಎಂಬಂತಹ ಆಯ್ಕೆಗಳು ಬೇರೆ ಜಾತಿಯವು. ಇಂಟೆಲ್‌ನ ಈ ವ್ಯವಸ್ಥೆ ಜೋಡಿಯ ಗುರುತನ್ನು ಡಿಸ್ಕಿನ ತುದಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಜೋಡಿಸುವಾಗ ಕೊನೆಯಲ್ಲಿ 5 ಎಂಬಿ ಖಾಲಿ ಜಾಗ ಕೇಳುವುದು ಅದಕ್ಕೇ. ಆ ಗುರುತನ್ನೇ ಅಳಿಸಿದರೆ ಕ್ಯಾಶ್‌ನಲ್ಲಿ ಉಳಿದಿರುವುದು ಯಾರದ್ದೆಂದು ಹೇಳಲು ಯಾವ ದಾಖಲೆಯೂ ಇರುವುದಿಲ್ಲ.

ನಾನು ಇಷ್ಟು ಒತ್ತಿ ಹೇಳಲು ಕಾರಣ ನನ್ನದೇ ಒಂದು ಮೂರ್ಖತನ. ಸಂಬಂಧಿಕರೊಬ್ಬರ ಡೆಸ್ಕ್‌ಟಾಪಿನಲ್ಲಿ ಇಂಥದೇ ಕಡ್ಡಿಯನ್ನು ಕಿತ್ತು ಮೇಜಿನ ಮೇಲಿಟ್ಟು ಬೂಟ್ ಮಾಡಿದೆ. ಬೂಟ್ ಮಾಡುವ ಡಿವೈಸ್ ಇಲ್ಲ ಎಂದಿತು. ಅಲ್ಲಿಗೆ ನಿಲ್ಲಿಸದೆ ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಜೋಡಿಸಿದೆ. ವಿಂಡೋಸ್ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಕೇಳಿತು, ಹೂಂ ಎಂದೆ. ಫೋಲ್ಡರುಗಳ ಹೆಸರುಗಳೆಲ್ಲ ಹೋಗಿ ಫೌಂಡ್ ಎಂಬ ಫೋಲ್ಡರಿನಲ್ಲಿ ಸಾವಿರಾರು ತುಣುಕು ಕಡತಗಳು ಬಂದು ಕುಳಿತವು. ಕಡ್ಡಿಯನ್ನು ಕೂಡಲೇ ಹಿಂದಕ್ಕೆ ಹಾಕಿ, ಡಿಸ್ಕಿಗೆ ಏನನ್ನೂ ಬರೆಯದೆ ಮೊದಲಿನ ಮೋಡ್‌ನಲ್ಲೇ ಬೂಟ್ ಮಾಡಿದ್ದರೆ ಬಹುಶಃ ಎಲ್ಲವೂ ಉಳಿಯುತ್ತಿತ್ತು. ಈಗಾಗಲೇ ಕಿತ್ತು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ನೀವು ಮಾಡಬೇಕಾದದ್ದೂ ಅಷ್ಟೇ.

ಒರೆಗಲ್ಲು ಅವರ ಪ್ರಶ್ನೆ

ನಡುವೆ ಬಂದುದಕ್ಕೆ ಕ್ಷಮೆಯಿರಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ, 512 ಜಿಬಿ ಎಸ್‌ಎಸ್‌ಡಿ ಮತ್ತು 32 ಜಿಬಿ ಆಪ್ಟೇನ್ ಒಂದೇ ಕಡ್ಡಿಯಲ್ಲಿವೆ. ಅದನ್ನು ಡಿಸೇಬಲ್ ಮಾಡಿದರೂ ಇದೇ ಕ್ರಮವೇ? ಅದಕ್ಕಿಂತ ಮೊದಲು, ಮಾಡುವುದರಿಂದ ನನಗೇನಾದರೂ ಪ್ರಯೋಜನವಿದೆಯೇ?

ಹಳೇಬೋರ್ಡು ಅವರ ಉತ್ತರ

ನಿಮ್ಮದು 2019ರಲ್ಲಿ ಬಂದ ಎಚ್10 ಅಥವಾ ಅದರ ಮುಂದಿನ ಎಚ್20 ಇರಬೇಕು. ಹೊರಗೆ ಒಂದೇ ಕಡ್ಡಿಯಾದರೂ ಒಳಗೆ ಎರಡು ಪ್ರತ್ಯೇಕ ಡ್ರೈವ್‌ಗಳು; ಸ್ಲಾಟಿನ ನಾಲ್ಕು ಪಿಸಿಐಇ ಲೇನ್‌ಗಳನ್ನು, ಅಂದರೆ ಡೇಟಾ ಸಾಗುವ ಹಾದಿಗಳನ್ನು, ಎರಡೆರಡಾಗಿ ಹಂಚಿಕೊಳ್ಳುತ್ತವೆ. ಕ್ರಮ ಅದೇ. ಬಿಡಿಸಿದ ನಂತರ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸುಮಾರು 27 ಜಿಬಿಯ ಇನ್ನೊಂದು ಡ್ರೈವ್ ಕಾಣಿಸುತ್ತದೆ, ಗಾಬರಿಯಾಗಬೇಡಿ.

ಪ್ರಯೋಜನದ ಮಾತಿಗೆ ಬಂದರೆ, ಸುಮ್ಮನೆ ಓಡುತ್ತಿರುವುದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಲಿನಕ್ಸ್ ಹಾಕಬೇಕು, ಕಡ್ಡಿಯನ್ನೇ ಬದಲಿಸಬೇಕು ಅಥವಾ ಡ್ರೈವರ್ ತಕರಾರಿನಿಂದ ಬೇಸತ್ತಿದ್ದೀರಿ ಎಂದಾದರೆ ಮಾತ್ರ ಕೈ ಹಾಕಿ. ಇಂಟೆಲ್ 2022ರಲ್ಲಿ ಆಪ್ಟೇನ್ ವ್ಯವಹಾರವನ್ನು ನಿಲ್ಲಿಸುವುದಾಗಿ ಘೋಷಿಸಿತು ಎಂಬುದು ನಿಜ, ಆದರೆ ಅದರಿಂದ ನಿಮ್ಮಲ್ಲಿರುವ ಕಡ್ಡಿ ನಾಳೆ ಕೆಡುವುದಿಲ್ಲ. ಕಡ್ಡಿಯನ್ನು ಕಿತ್ತು ಯುಎಸ್‌ಬಿ ಕವಚದಲ್ಲಿ ಹಾಕಿ ಓದೋಣವೆಂದು ಹೋದರೆ ಎರಡು ಭಾಗಗಳಲ್ಲಿ ಒಂದೇ ಕಾಣಿಸೀತು, ಏಕೆಂದರೆ ಲೇನ್‌ಗಳನ್ನು ಇಬ್ಭಾಗ ಮಾಡುವ ವ್ಯವಸ್ಥೆ ಎಲ್ಲೆಡೆ ಇರುವುದಿಲ್ಲ. ನಿಮ್ಮ ಪಾಲಿಗೆ ಬ್ಯಾಕಪ್ ಎಂಬುದು ಆ ಲ್ಯಾಪ್‌ಟಾಪಿನೊಳಗೇ ಆಗಬೇಕಾದ ಕೆಲಸ.

ಬಿಟ್ಟುಬೈಟು

ಇದನ್ನು ಓದಿ ಎಎಂಡಿಯ ಸ್ಟೋರ್‌ಎಂಐ ಬಳಸುವವರು ಇದೇ ಕ್ರಮ ಅನುಸರಿಸಲು ಹೊರಡಬಾರದು ಎಂದು ಒಂದು ಮಾತು. ಅದರ ಹಳೆಯ ಆವೃತ್ತಿ ಕ್ಯಾಶ್ ಆಗಿರಲಿಲ್ಲ, ಎರಡೂ ಡ್ರೈವ್‌ಗಳ ಜಾಗವನ್ನು ಕೂಡಿಸಿ ಹೆಚ್ಚು ಬಳಕೆಯ ತುಣುಕುಗಳನ್ನು ವೇಗದ ಡ್ರೈವ್‌ಗೆ ಸಾಗಿಸುವ ಶ್ರೇಣಿ ವ್ಯವಸ್ಥೆಯಾಗಿತ್ತು. ಅಂದರೆ ತುಣುಕು ಒಂದೇ ಕಡೆ ಇರುತ್ತದೆ, ಪ್ರತಿಯೆಂಬುದೇ ಇಲ್ಲ. ಅಲ್ಲಿ ಬಿಡಿಸಬೇಕಾದರೆ ಎಸ್‌ಎಸ್‌ಡಿಯಲ್ಲಿರುವುದೆಲ್ಲ ಹಿಡಿಸುವಷ್ಟು ಖಾಲಿ ಜಾಗ ಉಳಿಯುವ ಡ್ರೈವ್‌ನಲ್ಲಿ ಇರಲೇಬೇಕು.

ನಿಧಾನಯಂತ್ರ

ಕೆಲಸ ಮುಗಿಯಿತು. ನಡೆದದ್ದನ್ನು ಬರೆದಿಡುತ್ತೇನೆ.

ಪೆಂಡಿಂಗ್ ಸೆಕ್ಟರ್ ಅಂಕಿ 18 ಎಂದಿತ್ತು, ಅಂದರೆ ಇಪ್ಪತ್ತನಾಲ್ಕು. ಚೆಕ್‌ಡಿಸ್ಕ್ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಿಗ್ಗೆ ಆರರ ಹೊತ್ತಿಗೆ ಮುಗಿದಿತ್ತು. ನಡುವೆ ಎದ್ದು ನೋಡಿದಾಗ ಒಮ್ಮೆ 11 ಪ್ರತಿಶತದಲ್ಲಿ ಅಲ್ಲಾಡದೆ ನಿಂತಿತ್ತು, ಅಕ್ಷರಕೋಶ ಅವರ ಮಾತು ನೆನಪಾಗಿ ಕೈಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ಆ್ಯಪ್‌ನಲ್ಲಿ ಡಿಸೇಬಲ್ ಒತ್ತಿದರೆ ಏಳೆಂಟು ನಿಮಿಷಗಳಲ್ಲಿ ಸದ್ದಿಲ್ಲದೆ ಆಗಿಹೋಯಿತು, ಬಯಾಸ್‌ನ ಆ ಉಚ್ಚರಿಸಲಾಗದ ಆಯ್ಕೆಯ ತನಕ ಹೋಗಬೇಕಾಗಲಿಲ್ಲ. ರೀಸ್ಟಾರ್ಟ್ ಆದ ಮೇಲೆ ಲಾಗಿನ್ ಪರದೆ ಬರಲು ತೆಗೆದುಕೊಂಡ ಸಮಯ ನೋಡಿ, ಆ 16 ಜಿಬಿ ಕಡ್ಡಿ ಇಷ್ಟು ವರ್ಷ ಎಷ್ಟು ದುಡಿಯುತ್ತಿತ್ತು ಎಂಬುದು ಮೊದಲ ಬಾರಿಗೆ ಅರ್ಥವಾಯಿತು.

ಡಿವೈಸ್ ಎನ್‌ಕ್ರಿಪ್ಶನ್ ಆನ್ ಇತ್ತು. ಕೀಲಿಯನ್ನು ಬರೆದಿಟ್ಟುಕೊಂಡು ಸ್ಥಗಿತಗೊಳಿಸಿ, ಸೇಫ್ ಮೋಡ್ ದಾರಿಯಲ್ಲಿ ಎಎಚ್‌ಸಿಐಗೆ ಬದಲಿಸಿದೆ. ಬಯಾಸ್ ಮತ್ತದೇ ಕೆಂಪು ಸಂದೇಶ ತೋರಿಸಿತು. ಈ ಬಾರಿ ಹೌದು ಎಂದೆ. ಪಾಸ್‌ವರ್ಡನ್ನು ಹಿಂದಿನ ದಿನವೇ ಪರೀಕ್ಷಿಸಿದ್ದರಿಂದ ಬಿಟ್ಟುಬೈಟು ಅವರ ಹಳ್ಳವನ್ನು ದಾಟಿದೆ, ಪಿನ್ ನಿಜಕ್ಕೂ ಕೆಲಸ ಮಾಡಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆಪ್ಟೇನ್ 13.41 ಜಿಬಿಯ ಪ್ರತ್ಯೇಕ ಡ್ರೈವ್ ಆಗಿ ಕಾಣಿಸಿಕೊಂಡಿತು. ಆಮೇಲೆಯೇ ಶಿಫ್ಟ್ ಒತ್ತಿ ಹಿಡಿದು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ತಂತಿ ಬಿಡಿಸಿ, ಕಡ್ಡಿಯನ್ನು ಹಿಡಿದಿದ್ದ ಆ ಒಂದೇ ಒಂದು ಪುಟ್ಟ ಸ್ಕ್ರೂ ಬಿಚ್ಚಿದೆ. ಆಪ್ಟೇನ್ ತೆಗೆದ ನಂತರ ಹಾರ್ಡ್ ಡಿಸ್ಕೊಂದರಿಂದಲೇ ವಿಂಡೋಸ್ ಎದ್ದಿತು, ಕಡತಗಳೆಲ್ಲ ಇದ್ದವು.

ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ ಮೇಲೆ ಒಂದು ತೊಡಕಾಯಿತು. ಎರಡೂ ಡ್ರೈವ್‌ಗಳ ಗುರುತು ಸಂಖ್ಯೆ ಒಂದೇ ಆದ್ದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಟ್ಟಿತ್ತು. ಹಾರ್ಡ್ ಡಿಸ್ಕಿನ ತಂತಿಯನ್ನು ತೆಗೆದು ಎಸ್‌ಎಸ್‌ಡಿ ಒಂದರಿಂದಲೇ ಒಮ್ಮೆ ಬೂಟ್ ಮಾಡಿ, ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಎನ್‌ಕ್ರಿಪ್ಶನ್ ಮತ್ತೆ ಆನ್ ಮಾಡಿದೆ. ಇಪ್ಪತ್ತನಾಲ್ಕು ಕೆಟ್ಟ ಸೆಕ್ಟರುಗಳಿರುವ ಡಿಸ್ಕನ್ನು ಸಂಗ್ರಹಕ್ಕೆ ಇಟ್ಟುಕೊಳ್ಳುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಓದಲಾಗದೆ ಉಳಿದಿದ್ದ ವಿಡಿಯೋಗಳಲ್ಲಿ ಎರಡು ಚೆಕ್‌ಡಿಸ್ಕ್ ನಂತರ ತೆರೆದುಕೊಂಡವು, ಉಳಿದವು ನಡುವೆ ನಿಂತು ಹಸಿರು ಚೌಕಗಳನ್ನು ತೋರಿಸುತ್ತವೆ.